ಸೇವಂತಿಗೆ ಹೋಗಿ ಮಲ್ಲಿಗೆ ಬರುವ ಹೊತ್ತು

ಎಲ್ಲರಿಗೂ ನಮಸ್ಕಾರ.

ಯುಗಾದಿಗೆ ಇನ್ನು ಹತ್ತೇ ದಿನ. ಇಲ್ಲಿಗೆ ಬರುವಾಗ ರಸ್ತೆ ಬದಿಯ ಹೊಂಗೆ ಮರಗಳನ್ನು ನೀವೂ ನೋಡಿರುತ್ತೀರಿ. ಹಳೆಯ ಎಲೆಗಳನ್ನೆಲ್ಲ ಉದುರಿಸಿ, ಎಣ್ಣೆ ಸವರಿದ ಹಾಗೆ ಹೊಳೆಯುವ ಚಿಗುರು ಹೊತ್ತು ನಿಂತಿವೆ. ಕೋಲಾರಕ್ಕೆ ವಸಂತ ಬಂದಿದೆ. ಆದರೆ ನಮ್ಮ ಅಂಗಳಕ್ಕೆ, ತಾರಸಿಗೆ ಹೋಗಿ ನೋಡಿದರೆ ಅರ್ಧ ಕುಂಡಗಳು ಸೊರಗಿವೆ. "ಊರಿಗೆ ಊರೇ ಚಿಗುರುವಾಗ ನನ್ನ ಗಿಡಗಳಿಗೆ ಏನಾಯಿತು ಅಕ್ಕಾ?" ಎಂದು ಪಕ್ಕದ ಬೀದಿಯ ಹುಡುಗಿಯೊಬ್ಬಳು ಕಳೆದ ವಾರ ಕೇಳಿದಳು. ಈ ಮಾತುಗಳನ್ನೆಲ್ಲ ಅವಳಿಗೆ ಹೇಳುವ ಉತ್ತರವೆಂದೇ ತಿಳಿಯಿರಿ.

ಮೊಬೈಲಿನಲ್ಲಿ ನಾವು ನೋಡುವ ಎಷ್ಟೋ ತೋಟಗಾರಿಕೆಯ ಪಾಠಗಳು ಹಿಮ ಬೀಳುವ ದೇಶಗಳವು. ಅಲ್ಲಿ ವಸಂತ ಬಂತೆಂದರೆ ಬಿತ್ತನೆಯ ಕಾಲ. ನಮ್ಮ ಕಡೆ ಒಂದು ಪಂಗಡದ ಹೂಗಳು ಹೊರಟು ಇನ್ನೊಂದು ಪಂಗಡ ಬರುವುದು ಈ ದಿನಗಳಲ್ಲಿ. ಹೊರಟುನಿಂತವುಗಳ ಸೆರಗು ಹಿಡಿದು ನಿಲ್ಲಿಸಲು ನಾವು ನೀರು ಗೊಬ್ಬರ ಸುರಿಯುತ್ತೇವೆ. ಅಷ್ಟರಲ್ಲಿ ಬಂದು ನಿಂತ ಮಲ್ಲಿಗೆಯನ್ನು ಕೇಳುವವರೇ ಇರುವುದಿಲ್ಲ.

ಹೊರಡುವವರಲ್ಲಿ ಮೊದಲನೆಯದು ಸೇವಂತಿಗೆ. ಇರುಳು ದೊಡ್ಡದಾದಾಗ ಮೊಗ್ಗು ಕಟ್ಟುವ ಗಿಡ ಅದು. ದಸರೆಯಿಂದ ಸಂಕ್ರಾಂತಿಯವರೆಗೆ ದುಡಿದು ಈಗ ದಣಿದಿದೆ. ಮದುವೆಯಾಗಿ ಬಂದ ಹೊಸದರಲ್ಲಿ, ಒಣಗಿದ ಸೇವಂತಿಗೆಯನ್ನು ಸತ್ತಿತೆಂದು ಬುಡಸಮೇತ ಕಿತ್ತು ಹಾಕಿದ್ದೆ. ಅತ್ತೆಯವರು ಬೈಯಲಿಲ್ಲ. ಕಿತ್ತ ಗಡ್ಡೆಯನ್ನು ಎತ್ತಿಕೊಂಡು, ಮಣ್ಣು ಉದುರಿಸಿ, ಬೇರಿನ ಸಂದಿನಲ್ಲಿ ಕಿರುಬೆರಳ ಉಗುರಿನಷ್ಟು ಇಣುಕುತ್ತಿದ್ದ ಹಸಿರು ಮರಿಗಳನ್ನು ತೋರಿಸಿದರು. ಏಳೆಂಟು ಇದ್ದವು. ಮುಂದಿನ ವರ್ಷದ ಹೂವೆಲ್ಲ ಆ ಮರಿಗಳಲ್ಲಿತ್ತು. ಆದ್ದರಿಂದ ಈಗ ಮಾಡಬೇಕಾದ್ದು ಇಷ್ಟೇ: ಒಣ ಕಡ್ಡಿಗಳನ್ನು ನೆಲದಿಂದ ಮೂರು ನಾಲ್ಕು ಅಂಗುಲ ಬಿಟ್ಟು ಸವರಿ, ಕುಂಡವನ್ನು ಅರೆನೆರಳಿಗೆ ಸರಿಸಿ, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಳ್ಳಿ. ಹೂವು ಕೇಳಬೇಡಿ. ಮಳೆಗಾಲ ಹತ್ತಿರವಾದಾಗ ಮರಿಗಳನ್ನು ಬಿಡಿಸಿ ನೆಟ್ಟರಾಯಿತು.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಅರಳಿದ ಪೆಟೂನಿಯಾ, ಡೇಲಿಯಾ ಕುಂಡಗಳನ್ನು ತರುತ್ತಾರೆ. ಅವು ತಂಪನ್ನು ಬಯಸುವ ಗಿಡಗಳು. ಮಾರ್ಚ್ ಬಿಸಿಲಿಗೆ ಪೆಟೂನಿಯಾ ಹೋದರೆ ಆ ಪಾಪ ನಿಮ್ಮದಲ್ಲ. ಡೇಲಿಯಾ ಒಣಗಿದರೆ ಮಾತ್ರ ಅದರ ಗಡ್ಡೆಯನ್ನು ಎಸೆಯಬೇಡಿ.

ಈಗ ಮಲ್ಲಿಗೆ. ದುಂಡುಮಲ್ಲಿಗೆಗೆ ಬಿಸಿಲೇ ಹಬ್ಬ. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ನವೆಂಬರ್ ಕೊನೆಯಲ್ಲಿ, ಡಿಸೆಂಬರಿನಲ್ಲಿ ಗಿಡವನ್ನು ಒಂದೂವರೆ ಅಡಿಗೆ ಸವರಿದವರ ಮನೆಯಲ್ಲಿ ಈಗ ಮೊಗ್ಗು ತುಂಬಿರುತ್ತದೆ. ಆಗ ಮರೆತವರು ಈಗ ಅಷ್ಟು ಕೆಳಗೆ ಕತ್ತರಿಸಲು ಹೋಗಬೇಡಿ. ಒಂದು ಸುತ್ತು ಹೂವು ಮುಗಿದಾಗಲೆಲ್ಲ ತುದಿಯ ಎರಡು ಗೆಣ್ಣು ಚಿವುಟುತ್ತಾ ಬನ್ನಿ, ಜೂನ್‌ವರೆಗೂ ಕೊಡುತ್ತದೆ. ಕಡಲೆಕಾಯಿ ಹಿಂಡಿಯನ್ನು ಎರಡು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ, ತಿಂಗಳಿಗೆ ಎರಡು ಸಲ ಬುಡಕ್ಕೆ ಹಾಕಿದರೆ ಸಾಕು. ಮೊಗ್ಗಿನ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ತೂತು ಕಂಡರೆ ಒಳಗೆ ಕೊರೆಯುವ ಹುಳು ಇದೆ ಎಂದು ಅರ್ಥ. ಅಂಥ ಮೊಗ್ಗುಗಳನ್ನು ಬಿಡಿಸಿ ಸುಟ್ಟುಬಿಡಿ. ಗಿಡದ ಬುಡದಲ್ಲಿ ಉದುರಲು ಬಿಟ್ಟರೆ ಹುಳು ಅಲ್ಲೇ ಸಂಸಾರ ಹೂಡುತ್ತದೆ.

ನಮ್ಮ ಮನೆಯಲ್ಲಿ ವರ್ಷದ ಮೊದಲ ಮೊಳ ಮಲ್ಲಿಗೆ ಕೋಲಾರಮ್ಮನಿಗೆ. ಬೆಳಿಗ್ಗೆ ಬಿಡಿಸಿದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ದಾರದಲ್ಲೇ ಬಿರಿಯುತ್ತದೆ. ಆ ಪರಿಮಳಕ್ಕಾಗಿ ಎಂಥ ಬೇಸಿಗೆಯನ್ನಾದರೂ ತಡೆದುಕೊಳ್ಳಬಹುದು ಎಂದು ನನಗೆ ಪ್ರತಿ ವರ್ಷವೂ ಅನ್ನಿಸುತ್ತದೆ.

ಇನ್ನು ನೆರಳಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಕಲಿತದ್ದು ನಷ್ಟವಾದ ಮೇಲೆ. ಮನೆಯ ಉತ್ತರದ ಗೋಡೆಯ ಪಕ್ಕ ಚಳಿಗಾಲವಿಡೀ ತಂಪಾಗಿರುತ್ತಿತ್ತು. ಬೇಸಿಗೆಗೂ ಅಲ್ಲೇ ತಂಪು ಎಂದುಕೊಂಡು ಎಳೆಯ ಗಿಡಗಳನ್ನೆಲ್ಲ ಅಲ್ಲಿಗೆ ಸಾಗಿಸಿದೆ. ಮೇ ತಿಂಗಳಲ್ಲಿ ಎಲೆಗಳು ಹಪ್ಪಳದಂತೆ ಗರಿಗರಿಯಾದವು. ಕಾರಣ ಆಕಾಶದಲ್ಲಿತ್ತು. ಕೋಲಾರ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಗೆ, ನಡುಹಗಲಿನಲ್ಲಿ, 10 ಅಡಿ ಗೋಡೆಯ ನೆರಳು ಉತ್ತರಕ್ಕೆ ಏಳು ಅಡಿಗೂ ಹೆಚ್ಚು ಚಾಚುತ್ತದೆ. ಮಾರ್ಚ್ 21ರ ಹೊತ್ತಿಗೆ ಅದು ಎರಡೂಕಾಲು ಅಡಿಗೆ ಇಳಿಯುತ್ತದೆ. ಏಪ್ರಿಲ್ 24, 25ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನೆರಳೇ ಇರುವುದಿಲ್ಲ. ಆ ದಿನ ಹನ್ನೆರಡೂಕಾಲರ ಸುಮಾರಿಗೆ ಮಕ್ಕಳನ್ನು ಕರೆದು ತಾರಸಿಯ ಮೇಲೆ ಒಂದು ಲೋಟ ಬೋರಲು ಹಾಕಿ ತೋರಿಸಿ. ಅಲ್ಲಿಂದ ಆಗಸ್ಟ್ ಮಧ್ಯ ದಾಟುವವರೆಗೂ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಚಳಿಗಾಲದಲ್ಲಿ ಬಿಸಿಲನ್ನೇ ಕಾಣದ ಉತ್ತರದ ಗೋಡೆ ಮೇ ತಿಂಗಳಲ್ಲಿ ಕಾಯುತ್ತದೆ. ಎಳೆಯ ಗಿಡಗಳಿಗೆ ಪೂರ್ವದ ಬದಿಯೇ ವಾಸಿ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮನೆಯೇ ಅಡ್ಡ ನಿಲ್ಲುತ್ತದೆ. ತಾರಸಿ ಬಿಟ್ಟರೆ ಬೇರೆ ಜಾಗವೇ ಇಲ್ಲದವರು ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಒಂದಕ್ಕೊಂದು ಒತ್ತಾಗಿ ಜೋಡಿಸಿ, ಮೇಲೆ ಹಸಿರು ಬಲೆ ಕಟ್ಟಿ.

ನಮ್ಮೂರಿನ ನೀರಿನ ಕಷ್ಟ ನಿಮಗೆ ಹೊಸದಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಬರುವ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದು ಉಪ್ಪು. ದಿನಕ್ಕೆ ಮೂರು ಸಲ ಒಂದೊಂದು ಲೋಟ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ಮೇಲೆಯೇ ಕೂರುತ್ತದೆ, ಎಲೆಯ ಅಂಚು ಸುಡುತ್ತದೆ. ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಬೆಳಿಗ್ಗೆ ಏಳರೊಳಗೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ. ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಕುಡಿಯುವ ನೀರಿನ ಯಂತ್ರ ಹೊರಗೆ ಬಿಡುವ ತ್ಯಾಜ್ಯ ನೀರನ್ನು ಕುಂಡಗಳಿಗೆ ಸುರಿಯಬೇಡಿ. ವ್ಯರ್ಥವಾಗಬಾರದೆಂಬ ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ನೀರನ್ನು ಶುದ್ಧ ಮಾಡುವಾಗ ತೆಗೆದ ಉಪ್ಪೆಲ್ಲ ಅದರಲ್ಲಿರುತ್ತದೆ. ಅದು ನೆಲ ಒರೆಸಲು ಇರಲಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಗಿಡಕ್ಕೆ ಕೊಡಿ.

ಮಣ್ಣಿಗೆ ಹೊದಿಕೆ ಇಲ್ಲದಿದ್ದರೆ ಎಷ್ಟು ನೀರು ಹಾಕಿದರೂ ಕೈಸೋಲುತ್ತದೆ. ಈಗ ರಸ್ತೆಯಲ್ಲಿ ಗುಡಿಸಿ ಸುಡುತ್ತಿರುವ ಹೊಂಗೆ ಎಲೆಯನ್ನು ಚೀಲಕ್ಕೆ ತುಂಬಿಕೊಳ್ಳಿ. ಕಡಲೆಕಾಯಿ ಸಿಪ್ಪೆ, ರಾಗಿ ಹುಲ್ಲು ಯಾವುದಾದರೂ ಆದೀತು, ಎರಡು ಅಂಗುಲ ದಪ್ಪಕ್ಕೆ ಹರಡಿ. ಕಾಂಡಕ್ಕೆ ತಾಗಿಸಬೇಡಿ.

ಗುಲಾಬಿಯ ಹೂವು ಬೇಸಿಗೆಯಲ್ಲಿ ಚಿಕ್ಕದಾಗಿ, ಬಣ್ಣ ಮಾಸುತ್ತದೆ, ಚಿಂತೆ ಬೇಡ. ಎಲೆಯ ಅಡಿಯಲ್ಲಿ ಬಲೆಯಂಥದ್ದು ಕಂಡರೆ ನುಸಿ, ಅಡಿಯಿಂದಲೇ ನೀರು ಎರಚಿ ತೊಳೆಯಿರಿ. ದಾಸವಾಳಕ್ಕೆ ಬಿಳಿ ಹಿಟ್ಟು ಹತ್ತಿದರೆ ಬೇವಿನೆಣ್ಣೆ. ಕಾಗದದ ಹೂವಿಗೆ ಹೆಚ್ಚು ನೀರು ಹಾಕಿದರೆ ಬರೀ ಎಲೆ, ಸ್ವಲ್ಪ ಬಾಯಾರಲು ಬಿಡಿ.

ಕೊನೆಗೆ ಕನಕಾಂಬರ. ಅಶ್ವಿನಿ, ಭರಣಿ ಮಳೆಗಳು ಏಪ್ರಿಲ್ ಮಧ್ಯದಿಂದ ಮೇ ಹತ್ತರ ಆಸುಪಾಸಿನವರೆಗೆ. "ಭರಣಿ ಮಳೆ ಧರಣಿ ಬೆಳೆ" ಎನ್ನುತ್ತಿದ್ದ ಅತ್ತೆಯವರು, ಅದಕ್ಕೂ ಮುಂಚೆ ಕನಕಾಂಬರದ ಒಣ ತೆನೆಗಳನ್ನು ಮುರಿಯಲು ಬಿಡುತ್ತಿರಲಿಲ್ಲ. ಕಂದುಬಣ್ಣದ ಆ ತೆನೆಯಲ್ಲಿ ಗೋಧಿ ಕಾಳಿನಂಥ ಕಾಯಿಗಳು ಬಿಗಿದ ಬಾಯಿ ಬಿಡದೆ ಎರಡು ತಿಂಗಳು ಬಿಸಿಲು ಕಾಯುತ್ತವೆ. ಒಂದು ಸಂಜೆ ಗುಡುಗಿ ನಾಲ್ಕು ಹನಿ ಬೀಳುತ್ತದೆ. ಆಗ ಜಗಲಿಯ ಮೇಲೆ ಸುಮ್ಮನೆ ಕುಳಿತು ಕೇಳಿ. ಒದ್ದೆಯಾದ ಕಾಯಿ ಚಟ್ ಎಂದು ಎರಡಾಗಿ ಸೀಳುತ್ತದೆ, ಬೀಜ ಚಿಮ್ಮಿ ಗೋಡೆಗೆ ಬಡಿಯುತ್ತದೆ. ಚಟ್, ಚಟ್, ಚಟ್. ಅತ್ತೆಯವರು ತೀರಿಕೊಂಡ ವರ್ಷವೂ ಆ ಸದ್ದು ಬಂತು. ಕೆಲವು ವಾರ ಕಳೆದು ನೋಡಿದರೆ ಅವರು ಕೂರುತ್ತಿದ್ದ ಕಲ್ಲುಬೆಂಚಿನ ಕೆಳಗೆ, ಸಿಮೆಂಟಿನ ಬಿರುಕಿನಲ್ಲಿ, ಎರಡೆರಡು ಎಲೆಯ ಸಸಿಗಳು ಸಾಲಾಗಿ ಎದ್ದಿದ್ದವು. ಇವತ್ತು ಆ ಸಸಿಗಳ ಸಂತಾನವನ್ನೇ ಪುಟ್ಟ ಲಕೋಟೆಗಳಲ್ಲಿ ತಂದಿದ್ದೇನೆ. ಬಾಗಿಲ ಬಳಿ ಇಟ್ಟಿದ್ದೇನೆ, ಹೋಗುವಾಗ ಒಂದೊಂದು ತೆಗೆದುಕೊಳ್ಳಿ. ಮಳೆ ಬರುವವರೆಗೆ ನೀರು ತಾಗಿಸಬೇಡಿ.