ಲಾಭವೆಲ್ಲ ದಾನಕ್ಕೆ: ಒಂದು ಬಾಟಲಿಯ ಲೆಕ್ಕ

ಆತ್ಮೀಯರೇ,

ಸೇವಾಕಾರ್ಯಕ್ಕೆ ಹಣ ಹೊಂದಿಸುವವರನ್ನು ಪ್ರತಿ ವರ್ಷವೂ ಕಾಡುವ ಚಿಂತೆ ಒಂದೇ: ಕಳೆದ ವರ್ಷ ಕೊಟ್ಟವರು ಈ ವರ್ಷವೂ ಕೊಡುತ್ತಾರೆಯೇ? ತಿಂಗಳ ದಿನಸಿ ಚೀಟಿಯಲ್ಲಿ ಬರೆಯುವ ಒಂದು ವಸ್ತುವಿನ ಲಾಭದಿಂದಲೇ ಆ ಕೆಲಸ ನಡೆಯುವಂತಾದರೆ ಚಿಂತೆಯ ಸ್ವರೂಪವೇ ಬದಲಾಗುತ್ತದೆ. ಹಾಗೆ ನಡೆದುಬಂದ ಒಂದು ಸಂಸ್ಥೆಯ ವಿಷಯವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

1980ರ ಕ್ರಿಸ್‌ಮಸ್ ಸಮಯ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ಚಿತ್ರನಟ ಪಾಲ್ ನ್ಯೂಮನ್ ಮತ್ತು ಅವರ ಸ್ನೇಹಿತ, ಲೇಖಕ ಎ. ಇ. ಹಾಚ್ನರ್, ದೊಡ್ಡ ತೊಟ್ಟಿಯೊಂದರಲ್ಲಿ ಎಣ್ಣೆ, ವಿನೆಗರ್, ಮಸಾಲೆಗಳನ್ನು ಸುರಿದು, ದೋಣಿಯ ಹುಟ್ಟಿನಿಂದ ಕದಡಿ, ಖಾಲಿ ವೈನ್ ಬಾಟಲಿಗಳಿಗೆ ತುಂಬಿ ನೆರೆಹೊರೆಯವರಿಗೆ ಹಂಚಿದರು. ಹಸಿ ತರಕಾರಿಯ ಸಲಾಡ್ ಮೇಲೆ ಹಾಕಿಕೊಳ್ಳುವ ಆ ಮಿಶ್ರಣ ಮುಗಿದಾಗ ಜನ ಮತ್ತೆ ಕೇಳಿಕೊಂಡು ಬಂದರು. 1982ರಲ್ಲಿ ಅದು ‘ನ್ಯೂಮನ್ಸ್ ಓನ್’ ಎಂಬ ಕಂಪನಿಯಾಯಿತು; ಮೊದಲ ವರ್ಷದ ಲಾಭ 3 ಲಕ್ಷ ಡಾಲರ್ ದಾಟಿದಾಗ ಅದಷ್ಟನ್ನೂ ದಾನಕ್ಕೆ ಕೊಟ್ಟರು. ಮುಂದೆ ಸ್ಪಗೆಟಿ ಸಾಸ್, ಪಾಪ್‌ಕಾರ್ನ್, ನಿಂಬೆ ಪಾನಕಗಳೂ ಸೇರಿದವು. ಈವರೆಗೆ ಕೊಟ್ಟ ದಾನದ ಮೊತ್ತ 50 ಕೋಟಿ ಡಾಲರಿಗಿಂತ ಹೆಚ್ಚು.

ಮೊದಲ ಬಾಟಲಿಯನ್ನು ಜನ ನಟನ ಮುಖ ನೋಡಿಯೋ, ದಾನದ ಮಾತು ಓದಿಯೋ ಕೊಂಡಿರಬಹುದು. ಎರಡನೆಯ ಬಾಟಲಿಯನ್ನು ಕೊಳ್ಳುವುದು ರುಚಿಗಾಗಿ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆ ನಿಂತಿರುವುದು ಆ ಎರಡನೆಯ ಬಾಟಲಿಯ ಮೇಲೆ. ‘ಲಾಭವೆಲ್ಲ’ ಎಂದರೆ ಮಾರಾಟದ ಹಣವೆಲ್ಲ ಎಂದಲ್ಲ ಎಂಬುದನ್ನೂ ಗಮನಿಸಬೇಕು. ಕಚ್ಚಾವಸ್ತು, ಸಾಗಣೆ, ಸಂಬಳ, ತೆರಿಗೆಗಳನ್ನು ಕಳೆದು ಉಳಿದದ್ದು ಮಾತ್ರ ಲಾಭ. ಅದನ್ನೆಲ್ಲ ಕೊಟ್ಟುಬಿಟ್ಟ ಮೇಲೆ ಹೊಸ ಯಂತ್ರಕ್ಕೆ ದುಡ್ಡೆಲ್ಲಿಂದ ಬರಬೇಕು? ನ್ಯೂಮನ್ ಸ್ವಂತ ಕಾರ್ಖಾನೆ ಕಟ್ಟದೆ ಬೇರೆ ತಯಾರಕರಿಂದ ಮಾಡಿಸಿ ಮಾರಿದ್ದರಿಂದ ಈ ಭಾರ ಬಹಳಷ್ಟು ಇಳಿಯಿತು.

ಆ ಹಣ ಹೋದದ್ದೆಲ್ಲಿಗೆ? 1988ರಲ್ಲಿ ಕನೆಕ್ಟಿಕಟ್‌ನ ಆಶ್‌ಫರ್ಡ್‌ನಲ್ಲಿ ಕ್ಯಾನ್ಸರ್‌ನಂತಹ ಗಂಭೀರ ಕಾಯಿಲೆಯ ಮಕ್ಕಳಿಗಾಗಿ ನ್ಯೂಮನ್ ಒಂದು ಶಿಬಿರ ತೆರೆದರು. ವೈದ್ಯರು, ದಾದಿಯರು ಅಲ್ಲಿಯೇ ಇರುತ್ತಾರೆ. ಆದರೂ ಮಕ್ಕಳು ಈಜುತ್ತಾರೆ, ಮೀನು ಹಿಡಿಯುತ್ತಾರೆ. ಯಾವ ಕುಟುಂಬದಿಂದಲೂ ಒಂದು ಕಾಸು ಪಡೆಯುವುದಿಲ್ಲ. ಆಸ್ಪತ್ರೆಯ ಹಾಸಿಗೆಯನ್ನಷ್ಟೇ ಕಂಡ ಮಗುವಿಗೆ ಆ ಒಂದು ವಾರ ಏನೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಅತ್ಯಂತ ಕಠಿಣ ಪ್ರಶ್ನೆ ಒಡೆತನದ್ದು. 2008ರಲ್ಲಿ ನ್ಯೂಮನ್ ತೀರಿಕೊಂಡ ಮೇಲೆ ಕಂಪನಿ ಪೂರ್ತಿಯಾಗಿ ಅವರ ಪ್ರತಿಷ್ಠಾನದ ಪಾಲಾಯಿತು. ಆದರೆ ಖಾಸಗಿ ಪ್ರತಿಷ್ಠಾನವೊಂದು ಯಾವುದೇ ವ್ಯಾಪಾರದಲ್ಲಿ ಸಾಮಾನ್ಯವಾಗಿ ಶೇ. 20ಕ್ಕಿಂತ ಹೆಚ್ಚು ಪಾಲು ಇಟ್ಟುಕೊಳ್ಳಬಾರದೆಂದು ಅಮೆರಿಕದ 1969ರ ತೆರಿಗೆ ಕಾನೂನು ಹೇಳುತ್ತಿತ್ತು. ಹೆಚ್ಚುವರಿ ಪಾಲನ್ನು ಬಿಟ್ಟುಕೊಡಲು ಇದ್ದ ಗಡುವು ಮುಗಿಯುತ್ತ ಬಂದಿದ್ದ 2018ರಲ್ಲಿ, ಲಾಭವನ್ನೆಲ್ಲ ದಾನ ಮಾಡುವ ಇಂತಹ ಕಂಪನಿಗಳಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ವಿನಾಯಿತಿ ಕೊಟ್ಟಿತು. ಇಲ್ಲದಿದ್ದರೆ ಕಂಪನಿಯ ಬಹುಪಾಲನ್ನು ಮಾರಲೇಬೇಕಾಗುತ್ತಿತ್ತು.

ನಮ್ಮಲ್ಲಿ ಉಪ್ಪಿನಕಾಯಿಯನ್ನೋ ಸಾಬೂನನ್ನೋ ಮಾರಿ ಇಂತಹ ಕೆಲಸ ಮಾಡಬಯಸುವವರಿಗೆ 2013ರ ಕಂಪನಿ ಕಾಯ್ದೆಯ 8ನೆಯ ಸೆಕ್ಷನ್ ಒಂದು ದಾರಿ. ಅದರಡಿ ನೋಂದಾಯಿಸಿದ ಕಂಪನಿ ಸದಸ್ಯರಿಗೆ ಲಾಭಾಂಶ ಹಂಚುವಂತಿಲ್ಲ. ಬಂದ ಲಾಭವನ್ನು ಉದ್ದೇಶಿತ ಸೇವೆಗೇ ಬಳಸಬೇಕು. ನಿಮ್ಮ ನಂತರ ಈ ವ್ಯಾಪಾರ ಯಾರದು ಎಂಬುದನ್ನು ಮೊದಲ ಡಬ್ಬಿ ಅಂಗಡಿಗೆ ಹೋಗುವ ಮುನ್ನವೇ ಬರವಣಿಗೆಯಲ್ಲಿ ಇಡಿ ಎಂದು ಕೇಳಿಕೊಳ್ಳುತ್ತೇನೆ.