ಸಂಸ್ಥೆಯ ಪ್ರಯಾಣದ ಹೊಣೆ ಯಾರ ಕೈಗೆ?

ಕೇಳುಗರಿಗೆ ನಮಸ್ಕಾರ.

ನೌಕರರು ಕಚೇರಿಯ ಕೆಲಸದ ಮೇಲೆ ಪರಊರಿಗೆ ಹೋಗುವಾಗ ಅವರ ಟಿಕೆಟ್, ವಸತಿ, ಕಾರು, ಕೊನೆಗೆ ಅದರ ಬಿಲ್ಲುಗಳವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಟ್ರಾವೆಲ್ ಏಜೆನ್ಸಿಗಳನ್ನು ಹೋಲಿಸಿ ನೋಡುವುದು ಹೇಗೆ ಎಂಬುದು ಇಂದಿನ ವಿಷಯ. ಇದು ಬೆಂಗಳೂರಿನ ದೊಡ್ಡ ಕಂಪನಿಗಳಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ದಾಂಡೇಲಿಯ ಕಾಗದ ಕಾರ್ಖಾನೆ, ಕೈಗಾ ಅಣುವಿದ್ಯುತ್ ಸ್ಥಾವರ ಮತ್ತು ಕದಂಬ ನೌಕಾನೆಲೆಯ ಕಾಮಗಾರಿ ಹಿಡಿದ ಗುತ್ತಿಗೆ ಸಂಸ್ಥೆಗಳು, ಶಿರಸಿಯ ಅಡಿಕೆ ಸಹಕಾರ ಸಂಘಗಳು, ಕಾರವಾರದ ಬಂದರನ್ನು ನಂಬಿದ ವ್ಯಾಪಾರಸ್ಥರು, ಇವರೆಲ್ಲರೂ ದೆಹಲಿ, ಮುಂಬೈಗಳಿಗೆ ಜನರನ್ನು ಕಳಿಸುತ್ತಲೇ ಇರುತ್ತಾರೆ. ನಾಗರಿಕ ವಿಮಾನ ನಿಲ್ದಾಣವಿಲ್ಲದ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಆಯ್ಕೆ ಬೆಂಗಳೂರಿಗಿಂತ ಹೆಚ್ಚು ಎಚ್ಚರವನ್ನು ಬೇಡುತ್ತದೆ.

ಕೇಂದ್ರ ಸರ್ಕಾರದ ನೌಕರರಿಗೆ ಇಲ್ಲಿ ಆಯ್ಕೆ ಕಡಿಮೆ. ಏರ್ ಇಂಡಿಯಾ ಖಾಸಗಿಯವರ ಪಾಲಾಗುವ ಹೊತ್ತಿಗೆ ಸರ್ಕಾರಿ ವೆಚ್ಚದ ವಿಮಾನ ಟಿಕೆಟ್‌ಗಳಿಗೆ ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಮತ್ತು ಐಆರ್‌ಸಿಟಿಸಿ ಎಂಬ ಮೂರು ಸಂಸ್ಥೆಗಳನ್ನು ಹಣಕಾಸು ಸಚಿವಾಲಯ ಗೊತ್ತುಪಡಿಸಿತು. ಸಾಧ್ಯವಾದಷ್ಟು 21 ದಿನ ಮೊದಲೇ, ಆಯಾ ಹೊತ್ತಿನ ಕನಿಷ್ಠ ದರದ ವಿಮಾನವನ್ನೇ ಕಾಯ್ದಿರಿಸಬೇಕೆಂದೂ ಹೇಳಿತು. ಖಾಸಗಿ ಸಂಸ್ಥೆಗಳಿಗೂ ಸಹಕಾರ ಸಂಘಗಳಿಗೂ ಈ ಕಟ್ಟಿಲ್ಲ. ಅವುಗಳ ಮುಂದೆ ಅಮೆಕ್ಸ್ ಜಿಬಿಟಿ, ಬಿಸಿಡಿ, ಎಫ್‌ಸಿಎಂನಂಥ ಜಾಗತಿಕ ಸಂಸ್ಥೆಗಳಿವೆ, ಥಾಮಸ್ ಕುಕ್ ಇಂಡಿಯಾದಂಥ ಹಳಬರಿದ್ದಾರೆ, ಮೈಬಿಜ್ ಮತ್ತು ಯಾತ್ರಾದಂಥ ಆನ್‌ಲೈನ್ ವ್ಯವಸ್ಥೆಗಳಿವೆ, ಬಸ್ ನಿಲ್ದಾಣದ ಎದುರಿನ ನಮ್ಮೂರ ಟ್ರಾವೆಲ್ಸ್ ಕಚೇರಿಯೂ ಇದೆ.

ಹೋಲಿಸಲು ಕುಳಿತವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದು ಟಿಕೆಟಿಗೆ ಸೇವಾಶುಲ್ಕ ಎಷ್ಟು ಎಂದು. ವಿಮಾನ ಕಂಪನಿಗಳಿಂದ ಬರುತ್ತಿದ್ದ ಕಮಿಷನ್ 2008ರ ಸುಮಾರಿಗೆ ಬಹುಮಟ್ಟಿಗೆ ನಿಂತುಹೋದ ಮೇಲೆ ಏಜೆನ್ಸಿಗಳು ಗ್ರಾಹಕರಿಂದಲೇ ಶುಲ್ಕ ಪಡೆಯುವುದು ರೂಢಿಯಾಯಿತು. ಕೆಲವರು ಟಿಕೆಟಿಗಿಷ್ಟೆಂದೂ, ಕೆಲವರು ತಿಂಗಳಿಗಿಷ್ಟೆಂದೂ ಪಡೆಯುತ್ತಾರೆ. ಶುಲ್ಕವೇ ಇಲ್ಲ ಎನ್ನುವವರೂ ಇದ್ದಾರೆ. ಅಂಥವರು ತಮ್ಮ ಆದಾಯವನ್ನು ಎಲ್ಲಿಂದ ಪಡೆಯುತ್ತಾರೆಂದು ನೇರವಾಗಿ ಕೇಳಬೇಕು, ಉತ್ತರವನ್ನು ಲಿಖಿತವಾಗಿ ಪಡೆಯಬೇಕು. ನನ್ನ ದೃಷ್ಟಿಯಲ್ಲಿ ಈ ಶುಲ್ಕಕ್ಕಿಂತ ದೊಡ್ಡ ಲೆಕ್ಕ ಕಾರ್ಪೊರೇಟ್ ದರದ್ದು. ವಿಮಾನ ಕಂಪನಿಗಳು ಸಂಸ್ಥೆಗಳಿಗೆಂದೇ ನೀಡುವ ಈ ದರದ ಟಿಕೆಟ್ ಕೊಳ್ಳುವಾಗ ತುಸು ದುಬಾರಿ ಎನಿಸಿದರೂ, ದಿನಾಂಕ ಬದಲಿಸುವಾಗ ಅಥವಾ ರದ್ದುಪಡಿಸುವಾಗ ಕಡಿತ ಕಡಿಮೆ ಇರುತ್ತದೆ. ಸಭೆಗಳು ಮುಂದೂಡಲ್ಪಡುವುದು ಮಾಮೂಲಿಯಾಗಿರುವ ಸಂಸ್ಥೆಗೆ ಅದೇ ಅಗ್ಗವಾಗುತ್ತದೆ.

ಇನ್ನು ಜಿಎಸ್‌ಟಿ. ಗೋವಾದ ಗಡಿಗೆ ಅಂಟಿಕೊಂಡಿರುವ ಕಾರವಾರದವರು ಇದನ್ನು ಗಮನವಿಟ್ಟು ಕೇಳಬೇಕು. ಗೋವಾದಿಂದ ವಿಮಾನ ಹತ್ತಿದರೂ, ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ನಮೂದಿಸಿದ್ದರೆ, ಆ ಪ್ರಯಾಣದ ತೆರಿಗೆಯನ್ನು ಕರ್ನಾಟಕದಲ್ಲಿ ನೋಂದಾಯಿಸಿದ ಸಂಸ್ಥೆ ಇನ್‌ಪುಟ್ ಕ್ರೆಡಿಟ್ಟಾಗಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲು, ಪಡೆಯಬಹುದು. ಆದರೆ ಅದೇ ಪ್ರಯಾಣದಲ್ಲಿ ಪಣಜಿಯ ಹೋಟೆಲಿನಲ್ಲಿ ಉಳಿದರೆ ಹೋಟೆಲ್ ಬಿಲ್ಲಿನ ತೆರಿಗೆ ಗೋವಾದ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಹೋಟೆಲ್ ಇರುವ ರಾಜ್ಯವೇ ಸೇವೆಯ ಸ್ಥಳವೆಂದು ಕಾನೂನು ಹೇಳುತ್ತದೆ; ಗೋವಾದಲ್ಲಿ ನೋಂದಣಿ ಇಲ್ಲದ ಸಂಸ್ಥೆಗೆ ಅದು ಮರಳಿ ಸಿಗುವುದಿಲ್ಲ. ಪ್ರಯಾಣದ ತೆರಿಗೆಯ ಬಿಲ್ಲನ್ನು ಕೊಡುವುದು ವಿಮಾನ ಕಂಪನಿ. ಏಜೆನ್ಸಿಯ ಸೇವಾಶುಲ್ಕದ ಬಿಲ್ಲು ಬೇರೆ. ವಿಮಾನ ಕಂಪನಿಯ ಬಿಲ್ಲುಗಳನ್ನು ಪ್ರತಿ ತಿಂಗಳೂ ತಾನೇ ತರಿಸಿ, ಜಿಎಸ್‌ಟಿ ಜಾಲತಾಣದ ವಿವರಗಳೊಂದಿಗೆ ತಾಳೆ ನೋಡಿ ಕೊಡುವ ಏಜೆನ್ಸಿಗೆ ಕೊಂಚ ಹೆಚ್ಚು ಶುಲ್ಕ ಕೊಟ್ಟರೂ ನಷ್ಟವಿಲ್ಲ. ಇಬ್ಬರೇ ಗುಮಾಸ್ತರಿರುವ ಲೆಕ್ಕಪತ್ರ ವಿಭಾಗಕ್ಕಂತೂ ಇದರಿಂದ ದೊಡ್ಡ ಭಾರ ಇಳಿದಂತೆ.

ಈ ಎಲ್ಲದರಲ್ಲೂ ಮುಂದಿರುವ ಏಜೆನ್ಸಿ ನಮ್ಮ ಭೂಗೋಳವನ್ನೇ ಅರಿಯದೆ ಇರಬಹುದು. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಾಬೋಳಿ ನಮಗೆ ಹತ್ತಿರ. 2023ರ ಜನವರಿಯಲ್ಲಿ ವಿಮಾನ ಸಂಚಾರ ಆರಂಭಿಸಿದ ಮೋಪಾ ಇರುವುದು ಗೋವಾದ ಉತ್ತರ ತುದಿಯಲ್ಲಿ. ದರದ ಕ್ರಮದಲ್ಲಿ ಪಟ್ಟಿ ತೋರಿಸುವ ಆ್ಯಪಿನಲ್ಲಿ ಮೋಪಾದ ಟಿಕೆಟ್ ಅಗ್ಗವಾಗಿ ಕಂಡರೆ, ಆ ಉಳಿತಾಯವನ್ನು ಟ್ಯಾಕ್ಸಿ ಬಾಡಿಗೆಯೇ ನುಂಗಿಬಿಡಬಹುದು. ಶಿರಸಿಯವರಿಗೆ ರೈಲೇ ಇಲ್ಲ. ಅವರು ಹುಬ್ಬಳ್ಳಿಗೋ ಹಾವೇರಿಗೋ ತಾಳಗುಪ್ಪಕ್ಕೋ ಹೋಗಬೇಕು, ಇಲ್ಲವೇ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ, ರೈಲುಗಳ ವೇಗ ತಗ್ಗುತ್ತದೆ. ತತ್ಕಾಲ್ ಬುಕಿಂಗ್ ಆರಂಭವಾದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಅವಕಾಶವಿಲ್ಲವೆಂದು 2025ರ ಜುಲೈನಿಂದ ನಿಯಮವಾಗಿರುವುದರಿಂದ, ತತ್ಕಾಲ್ ಟಿಕೆಟ್ ಖಂಡಿತ ಕೊಡಿಸುತ್ತೇವೆಂದು ಮಾತು ಕೊಡುವವರನ್ನು ನಂಬಲಾಗದು.

2024ರ ಜುಲೈ ತಿಂಗಳ ಒಂದೇ ವಾರವನ್ನು ನೆನಪಿಸಿಕೊಳ್ಳಿ. 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಅದಾಗಿ ಮೂರು ದಿನಕ್ಕೆ ಜಗತ್ತಿನಾದ್ಯಂತ ಗಣಕಯಂತ್ರಗಳು ಕೆಟ್ಟು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅಂಥ ದಿನ ತಮ್ಮ ಯಾವ ನೌಕರ ಎಲ್ಲಿದ್ದಾನೆಂದು ಸಂಸ್ಥೆಗೆ ಒಡನೆ ತಿಳಿಸುವುದು, ಅವನಿಗೆ ಹುಬ್ಬಳ್ಳಿಯ ದಾರಿ ಹಿಡಿಸುವುದು, ರಾತ್ರಿ ಉಳಿಯಲು ಕೋಣೆ ಹುಡುಕಿಕೊಡುವುದು ಏಜೆನ್ಸಿಯ ಕೆಲಸ. ಜಾಗತಿಕ ಸಂಸ್ಥೆಗಳಲ್ಲಿ ಹಗಲುರಾತ್ರಿಯ ಸಹಾಯವಾಣಿ ಇದೆ, ಆದರೆ ಫೋನೆತ್ತುವವರಿಗೆ ಅರಬೈಲು ಘಟ್ಟ ಎಲ್ಲಿದೆಯೆಂದು ತಿಳಿದಿರಲಾರದು. ಊರಿನ ಟ್ರಾವೆಲ್ಸಿನವರಿಗೆ ಯಾವ ದಾರಿ ತೆರೆದಿದೆ, ಯಾವ ಚಾಲಕ ನಂಬಿಕಸ್ಥ ಎಂಬುದು ಗೊತ್ತು. ದೆಹಲಿಯಲ್ಲಿ ಸಿಕ್ಕಿಬಿದ್ದವನ ಟಿಕೆಟನ್ನು ನಡುರಾತ್ರಿ ಬದಲಿಸುವ ವ್ಯವಸ್ಥೆ ಅವರಲ್ಲಿ ಇರುವುದು ಕಷ್ಟ.

ಆದ್ದರಿಂದ ನಮ್ಮ ಜಿಲ್ಲೆಯ ಮಧ್ಯಮ ಗಾತ್ರದ ಸಂಸ್ಥೆಗಳು ವಿಮಾನ ಮತ್ತು ವಸತಿಯನ್ನು ಒಂದು ಆನ್‌ಲೈನ್ ವ್ಯವಸ್ಥೆಗೂ, ಕಾರು, ಬಸ್ಸು, ರೈಲನ್ನು ಊರಿನ ಕಚೇರಿಗೂ ಹಂಚಿಕೊಡುವುದು ಲೇಸೆಂದು ನಾನು ಭಾವಿಸುತ್ತೇನೆ. ಇದರಿಂದ ಬಿಲ್ಲುಗಳು ಎರಡು ಕಡೆಯಿಂದ ಬರುತ್ತವೆ, ನಿಜ; ಆ ತೊಂದರೆಯನ್ನು ಸಹಿಸಬಹುದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಒಂದು ಭಾನುವಾರ ರಾತ್ರಿ ಅವರ ಸಹಾಯವಾಣಿಗೆ ಕರೆ ಮಾಡಿ ಎಷ್ಟು ಹೊತ್ತಿಗೆ ಮನುಷ್ಯರ ದನಿ ಕೇಳುತ್ತದೆಂದು ನೋಡಿ. ರದ್ದಾದ ಟಿಕೆಟಿನ ಹಣ ಎಷ್ಟು ದಿನದೊಳಗೆ ಸಂಸ್ಥೆಯ ಖಾತೆಗೆ ಮರಳಬೇಕು, ಬಿಲ್ಲಿನ ಹಣ ಕಟ್ಟಲು ಏಜೆನ್ಸಿ ಕೊಡುವ ಸಾಲದ ಅವಧಿ ಎಷ್ಟು, ಒಪ್ಪಂದ ಮುಗಿದಾಗ ಪ್ರಯಾಣದ ದಾಖಲೆಗಳನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕು ಎಂಬ ಮೂರು ಷರತ್ತುಗಳನ್ನು ಬರೆಸಿಕೊಳ್ಳಿ. ಮೊದಲ ಒಪ್ಪಂದ ಒಂದು ವರ್ಷಕ್ಕಿಂತ ಹೆಚ್ಚು ಬೇಡ, ಆ ವರ್ಷದಲ್ಲಿ ಒಂದು ಪೂರ್ತಿ ಮಳೆಗಾಲ ಸೇರಿರಲಿ.

ನಮಸ್ಕಾರ.