ಪಾಸ್ಕಾಲ್ ಪ್ವಾರಿಯೆ: ಸೆನೆಟ್‌ನಲ್ಲಿ ಕುಳಿತ ಅಕಾಡಿಯನ್ ನಿಘಂಟುಕಾರ

ಕೇಳುಗರೆಲ್ಲರಿಗೂ ನಮಸ್ಕಾರ. ಕೆನಡಾ ದೇಶದ ಪೂರ್ವ ಕರಾವಳಿಯ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ಶೆಡಿಯಾಕ್ ಎಂಬ ಊರಿದೆ. ಅಲ್ಲಿ 1852ರಲ್ಲಿ ಹುಟ್ಟಿದ ಪಾಸ್ಕಾಲ್ ಪ್ವಾರಿಯೆ ಅವರ ಬದುಕನ್ನು ಕುರಿತು ಈ ಹೊತ್ತು ಮಾತನಾಡಲಿದ್ದೇನೆ. ಕೆನಡಾದ ಮೇಲ್ಮನೆಯಾದ ಸೆನೆಟ್‌ಗೆ ನೇಮಕಗೊಂಡ ಮೊದಲ ಅಕಾಡಿಯನ್ ಅವರು. 1885ರಿಂದ ತೀರಿಕೊಂಡ 1933ರವರೆಗೆ, 48 ವರ್ಷ, ಆ ಸ್ಥಾನದಲ್ಲಿದ್ದರು. ಆ ವರ್ಷಗಳಲ್ಲಿ ಬರೆಯುವುದನ್ನೂ ಬಿಡಲಿಲ್ಲ. ಅವರ ರಾಜಕಾರಣ ಬೇರೆ, ಬರವಣಿಗೆ ಬೇರೆ ಎಂದು ಎರಡು ಕಪಾಟುಗಳಲ್ಲಿ ಇಟ್ಟು ನೋಡಿದರೆ ಈ ಮನುಷ್ಯ ನಮಗೆ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಅವರ ಜನರ ವಿಷಯ ಹೇಳಬೇಕು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ಬಂದು, ಇಂದಿನ ನೋವಾ ಸ್ಕೋಷಿಯಾದ ಫಂಡಿ ಕೊಲ್ಲಿಯ ಸುತ್ತ ನೆಲೆಸಿದ ರೈತಾಪಿ ಜನರ ಸಂತತಿಯೇ ಅಕಾಡಿಯನ್ನರು. ಉಬ್ಬರದ ನೀರು ನುಗ್ಗುತ್ತಿದ್ದ ಜವುಗು ನೆಲಕ್ಕೆ ಒಡ್ಡು ಕಟ್ಟಿ, ಉಪ್ಪು ತೊಳೆದು, ಅದನ್ನು ಹೊಲ ಮಾಡಿಕೊಂಡವರು ಅವರು. 1713ರ ಉಟ್ರೆಕ್ಟ್ ಒಪ್ಪಂದದಿಂದ ಆ ನೆಲ ಬ್ರಿಟನ್ನಿನ ಪಾಲಾಯಿತು. ಯುದ್ಧ ಬಂದರೆ ಫ್ರೆಂಚರ ವಿರುದ್ಧ ಆಯುಧ ಹಿಡಿಯಬೇಕಾದೀತೆಂಬ ಕಾರಣಕ್ಕೆ ಅಕಾಡಿಯನ್ನರು ಬ್ರಿಟಿಷ್ ದೊರೆಗೆ ನಿರ್ಬಂಧವಿಲ್ಲದ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. 1755ರಲ್ಲಿ ಗವರ್ನರ್ ಚಾರ್ಲ್ಸ್ ಲಾರೆನ್ಸ್ ಆಡಳಿತ ಅವರನ್ನು ಹಿಡಿದು ಹಡಗುಗಳಿಗೆ ತುಂಬಿತು. ಮುಂದಿನ ಎಂಟು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಗಡೀಪಾರಾದರು. ರೋಗಕ್ಕೆ, ಹಸಿವಿಗೆ, ಸಮುದ್ರಕ್ಕೆ ಬಲಿಯಾದವರು ಸಾವಿರಾರು. ಕಾಡಿಗೆ ಓಡಿ ತಪ್ಪಿಸಿಕೊಂಡವರೂ ನಂತರ ಮರಳಿ ಬಂದವರೂ ತಮ್ಮ ಹಳೆಯ ಹೊಲಗಳಲ್ಲಿ ನ್ಯೂ ಇಂಗ್ಲೆಂಡಿನ ಒಕ್ಕಲುಗಳು ನೆಲೆಸಿರುವುದನ್ನು ಕಂಡು, ನ್ಯೂ ಬ್ರನ್ಸ್‌ವಿಕ್‌ನ ಕಡಲಂಚಿನಂಥ ಬೇರೆ ಜಾಗಗಳಲ್ಲಿ ಗುಡಿಸಲು ಹಾಕಿಕೊಂಡರು. ಶೆಡಿಯಾಕ್ ಅಂಥ ಜನರ ಊರು.

ಇದಾಗಿ ನೂರು ವರ್ಷದವರೆಗೂ ಅಕಾಡಿಯನ್ನರಿಗೆ ತಮ್ಮದೆನ್ನುವ ಕಾಲೇಜಿರಲಿಲ್ಲ, ಪತ್ರಿಕೆಯಿರಲಿಲ್ಲ. 1864ರಲ್ಲಿ ಫಾದರ್ ಕಮೀಯ್ ಲೆಫೆವ್ರ್ ಎಂಬ ಪಾದ್ರಿ ಮೆಮ್ರಾಮ್‌ಕುಕ್ ಎಂಬಲ್ಲಿ ಸಂತ ಜೋಸೆಫರ ಹೆಸರಿನ ಕಾಲೇಜನ್ನು ತೆರೆದರು. 1867ರಲ್ಲಿ ಶೆಡಿಯಾಕ್‌ನಿಂದಲೇ ಅಕಾಡಿಯನ್ನರ ಮೊದಲ ಫ್ರೆಂಚ್ ವಾರಪತ್ರಿಕೆ ಹೊರಟಿತು. ಪ್ವಾರಿಯೆ ಆ ಕಾಲೇಜಿನ ಮೊದಲ ಪೀಳಿಗೆಯ ವಿದ್ಯಾರ್ಥಿಗಳಲ್ಲಿ ಒಬ್ಬರು. ಗುರುವಿನ ಋಣವನ್ನು ಅವರು ಮರೆಯಲಿಲ್ಲ. 1898ರಲ್ಲಿ ಲೆಫೆವ್ರ್ ಅವರ ಬದುಕನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು.

ಕಾಲೇಜು ಮುಗಿದ ಮೇಲೆ, ಇನ್ನೂ ಇಪ್ಪತ್ತರ ಹರೆಯದಲ್ಲಿ, 1872ರಲ್ಲಿ ಪ್ವಾರಿಯೆ ಅವರಿಗೆ ಒಟ್ಟಾವಾದಲ್ಲಿ ಸಂಸತ್ತಿನ ಕೆಳಮನೆಯ ಪೋಸ್ಟ್‌ಮಾಸ್ಟರ್ ಹುದ್ದೆ ದೊರೆಯಿತು. ಸಂಸದರ ಕಾಗದಪತ್ರಗಳು ಹಾದುಹೋಗುವ ಆ ಕಚೇರಿಯಲ್ಲಿದ್ದುಕೊಂಡೇ ಅವರು ಕಾನೂನು ಓದಿದರು ಮತ್ತು 1874ರಲ್ಲಿ ಅಕಾಡಿಯನ್ನರ ಮೂಲವನ್ನು ಕುರಿತ ತಮ್ಮ ಮೊದಲ ಪುಸ್ತಕವನ್ನು ಪ್ರಕಟಿಸಿದರು. ಫಿಲಡೆಲ್ಫಿಯಾಕ್ಕೆ ಗಡೀಪಾರಾದ ಅಕಾಡಿಯನ್ನರನ್ನು ಕುರಿತ ಒಂದು ನಾಟಕವನ್ನು ಅದರ ಮರುವರ್ಷ ಬರೆದರು.

ಆ ಮೊದಲ ಪುಸ್ತಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕಾಗುತ್ತದೆ. ಅಕಾಡಿಯನ್ನರ ರಕ್ತದಲ್ಲಿ ಆ ನೆಲದ ಮೂಲನಿವಾಸಿಗಳ ರಕ್ತ ಬೆರೆತಿದೆ ಎಂದು ಕೆಲವು ಲೇಖಕರು ಬರೆದಿದ್ದರು. ಅಂದಿನ ಕಾಲದಲ್ಲಿ ಅದು ಹೀಯಾಳಿಕೆಯ ಮಾತಾಗಿತ್ತು. ಇಪ್ಪತ್ತೆರಡು ವರ್ಷದ ಪ್ವಾರಿಯೆ ಅದನ್ನು ಅಲ್ಲಗಳೆಯಲು ಚರ್ಚಿನ ದಾಖಲೆಗಳನ್ನೂ ವಲಸೆಯ ಇತಿಹಾಸವನ್ನೂ ಮುಂದಿಟ್ಟು ವಾದಿಸಿದರು. ತಮ್ಮವರ ಮಾನವನ್ನು ಉಳಿಸುವ ತವಕ ಆ ವಾದದಲ್ಲಿದೆ, ಅದು ನನಗೆ ಅರ್ಥವಾಗುತ್ತದೆ; ಆದರೆ ಆ ನೆಲದ ಮೂಲನಿವಾಸಿಗಳಾದ ಮಿಗ್ಮಾ ಜನರೊಡನೆ ಸಂಬಂಧ ಬೆಳೆಸಿದ್ದನ್ನು ಕಳಂಕವೆಂದು ಒಪ್ಪಿಕೊಂಡೇ ಆ ವಾದ ಹೊರಡುತ್ತದೆ. ಗಡೀಪಾರಿನ ದಿನಗಳಲ್ಲಿ ಕಾಡು ಸೇರಿದ ಅಕಾಡಿಯನ್ನರಿಗೆ ಆಸರೆ ಕೊಟ್ಟವರು ಅದೇ ಮಿಗ್ಮಾ ಜನ. ಸೆನ್-ಕಾಸ್ತಾನ್ ಎಂಬ ಫ್ರೆಂಚ್ ಅಧಿಕಾರಿ ಅಬೆನಾಕಿ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ನಾಯಕನ ಮಗಳನ್ನು ಮದುವೆಯಾದದ್ದೂ ಅವರ ಮಕ್ಕಳು ಅಕಾಡಿಯಾದಲ್ಲಿ ಬಾಳಿದ್ದೂ ಇತಿಹಾಸದಲ್ಲಿ ದಾಖಲಾಗಿದೆ. ತನ್ನ ಜನರನ್ನು ಕೀಳಾಗಿ ಕಂಡವರ ಅಳತೆಗೋಲನ್ನೇ ಕೈಗೆತ್ತಿಕೊಂಡು ಇನ್ನೊಂದು ಜನಾಂಗವನ್ನು ಅಳೆದದ್ದು ಆ ಪುಸ್ತಕದ ದೌರ್ಬಲ್ಯ.

ಈಗ ರಾಜಕೀಯದ ಕಡೆಗೆ ಬರೋಣ. 1881ರ ಜುಲೈನಲ್ಲಿ ಮೆಮ್ರಾಮ್‌ಕುಕ್‌ನಲ್ಲಿ ಅಕಾಡಿಯನ್ನರ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ಸುಮಾರು ಐದು ಸಾವಿರ ಜನ ಸೇರಿದ್ದರು. ಅಲ್ಲಿ ಬಿಸಿಬಿಸಿ ಚರ್ಚೆಯಾದದ್ದು ರಾಷ್ಟ್ರೀಯ ಹಬ್ಬದ ದಿನದ ಬಗ್ಗೆ. ಕ್ವಿಬೆಕ್‌ನ ಫ್ರೆಂಚರು ಆಚರಿಸುವ ಜೂನ್ 24ರ ಸಂತ ಯೋಹಾನನ ಹಬ್ಬವನ್ನೇ ತಮ್ಮದಾಗಿಸಿಕೊಂಡರೆ ದೊಡ್ಡಣ್ಣನ ಬಲ ಸಿಗುತ್ತದೆ ಎಂದವರಿದ್ದರು. ಬೇಡ, ನಮ್ಮ ಚರಿತ್ರೆ ಬೇರೆ, ನಮ್ಮ ನೋವು ಬೇರೆ ಎಂದವರ ಕೈ ಮೇಲಾಗಿ, ಮಾತೆ ಮರಿಯಳ ಸ್ವರ್ಗಾರೋಹಣದ ದಿನವಾದ ಆಗಸ್ಟ್ 15 ನಿಶ್ಚಯವಾಯಿತು. 1884ರಲ್ಲಿ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಿಸ್ಕೂಷ್‌ನಲ್ಲಿ ಸೇರಿದ ಎರಡನೆಯ ಸಮ್ಮೇಳನವು ಫ್ರಾನ್ಸಿನ ಮೂರು ಬಣ್ಣದ ಬಾವುಟದ ನೀಲಿ ಭಾಗದಲ್ಲಿ ಮರಿಯಳ ಚಿನ್ನದ ಬಣ್ಣದ ನಕ್ಷತ್ರವಿರುವ ಧ್ವಜವನ್ನು ಅಂಗೀಕರಿಸಿತು. ಇಂದಿಗೂ ಅಕಾಡಿಯನ್ನರ ಮನೆಗಳ ಮೇಲೆ ಹಾರುವುದು ಅದೇ ಧ್ವಜ. ಈ ಚಳವಳಿಯ ಮುಂಚೂಣಿಯಲ್ಲಿ ವಕೀಲ ಪಿಯೆರ್-ಅಮಾನ್ ಲಾಂದ್ರಿ, ಪಾದ್ರಿ ಮಾರ್ಸೆಲ್-ಫ್ರಾಂಸ್ವಾ ರಿಷಾರ್ ಅವರೊಡನೆ ಪ್ವಾರಿಯೆ ಇದ್ದರು.

1885ರ ಮಾರ್ಚಿನಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್‌ಡೊನಾಲ್ಡ್ ಸರ್ಕಾರ ಪ್ವಾರಿಯೆ ಅವರನ್ನು ಸೆನೆಟ್‌ಗೆ ನೇಮಿಸಿದಾಗ ಅವರ ವಯಸ್ಸು 33. ಕೆನಡಾದ ಸೆನೆಟ್‌ಗೆ ಚುನಾವಣೆಯಿಲ್ಲ, ಅಂದು ನಿವೃತ್ತಿಯ ವಯಸ್ಸೂ ಇರಲಿಲ್ಲ. ಮತಕ್ಕಾಗಿ ಕೈಯೊಡ್ಡಬೇಕಿಲ್ಲದ ಈ ಆಜೀವ ಸ್ಥಾನ ಅವರಿಗೆ ಒದಗಿಸಿದ ಸ್ವಾತಂತ್ರ್ಯವನ್ನು ಅವರು ತಮ್ಮ ಊರಿನವರಿಗಾಗಿ ಬಳಸಿದರು. 1904ರಿಂದ ಸುಮಾರು ಒಂದು ದಶಕ ಅಕಾಡಿಯನ್ನರ ರಾಷ್ಟ್ರೀಯ ಸಂಘದ ಅಧ್ಯಕ್ಷರಾಗಿದ್ದುಕೊಂಡು, ಐರಿಷ್ ಮತ್ತು ಸ್ಕಾಟಿಷ್ ಬಿಷಪ್ಪರೇ ತುಂಬಿದ್ದ ಆ ಭಾಗದ ಕ್ಯಾಥೊಲಿಕ್ ಚರ್ಚಿನಲ್ಲಿ ಅಕಾಡಿಯನ್ ಬಿಷಪ್ ಬೇಕೆಂಬ ಬೇಡಿಕೆಯ ಬೆನ್ನು ಹತ್ತಿದವರಲ್ಲಿ ಅವರೂ ಒಬ್ಬರು. 1912ರಲ್ಲಿ ಎದ್ವಾರ್ ಲೆಬ್ಲಾಂ ಅವರು ಸೇಂಟ್ ಜಾನ್ ನಗರದ ಬಿಷಪ್ ಆದಾಗ ಆ ಹೋರಾಟ ಫಲಿಸಿತು. ಪೂಜೆ ಮತ್ತು ಪ್ರವಚನ ಯಾವ ಭಾಷೆಯಲ್ಲಿ ನಡೆಯಬೇಕು, ಶಾಲೆಗೆ ಯಾರು ಬೆಂಬಲವಾಗಬೇಕು ಎಂಬುದೆಲ್ಲ ಬಿಷಪ್ಪರ ಕೈಯಲ್ಲಿದ್ದ ಕಾಲದಲ್ಲಿ ಇದು ಅಲಂಕಾರದ ಪದವಿಯಾಗಿರಲಿಲ್ಲ.

ಆದರೆ ಪ್ವಾರಿಯೆ ಅವರ ಕೃತಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅವರ ಮುಪ್ಪಿನ ಕೆಲಸ. ಅಕಾಡಿಯನ್ನರ ಮಾತು ಕೆಟ್ಟುಹೋದ ಫ್ರೆಂಚ್ ಎಂದು ಇಂಗ್ಲಿಷರು ಹೇಳುತ್ತಿದ್ದರು. ಕ್ವಿಬೆಕ್‌ನ, ಪ್ಯಾರಿಸ್ಸಿನ ಓದಿದ ಜನರೂ ಹಾಗೇ ನಗುತ್ತಿದ್ದರು. ಅಕಾಡಿಯನ್ ಮಕ್ಕಳೂ ತಮ್ಮ ಅಜ್ಜಿಯರ ಮಾತಿಗೆ ನಾಚತೊಡಗಿದ್ದರು. 1928ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಪ್ವಾರಿಯೆ ಅಕಾಡಿಯನ್ ಆಡುಮಾತನ್ನೂ ಅದರ ಬೇರುಗಳನ್ನೂ ಕುರಿತ ಗ್ರಂಥವನ್ನು ಹೊರತಂದರು. ಇದು ಕೆಟ್ಟ ಫ್ರೆಂಚ್ ಅಲ್ಲ, ಫ್ರಾನ್ಸ್ ಮರೆತ ಫ್ರೆಂಚ್ ಎಂಬುದು ಅದರ ವಾದದ ತಿರುಳು. ‘ನಮ್ಮಲ್ಲಿದೆ’ ಎನ್ನಲು ‘ನಾನು’ ಎಂಬ ಪದಕ್ಕೆ ಬಹುವಚನದ ಕ್ರಿಯಾಪದ ಸೇರಿಸಿ ‘ಜಾವೋಂ’ ಎಂದು ಮೀನುಗಾರ ಹೇಳಿದರೆ ಅದು ವ್ಯಾಕರಣ ಬಾರದವನ ತಪ್ಪಲ್ಲ, ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಬಳಕೆಯಲ್ಲಿದ್ದ ರೂಪ. ಆ ಶತಮಾನದ ಫ್ರೆಂಚ್ ಸಾಹಿತಿ ರಾಬೆಲೆಯಂಥ ಲೇಖಕರ ಪುಟಗಳಲ್ಲಿ ಸಿಗುವ ಪದಗಳು ಶೆಡಿಯಾಕ್‌ನ ಅಡುಗೆಮನೆಗಳಲ್ಲಿ ಜೀವಂತವಾಗಿವೆ ಎಂದು ಅವರು ತೋರಿಸಿದರು. ಹಡಗು ಕಟ್ಟುವ ಹಗ್ಗದ ಮಾತು ನೆಲದ ಬದುಕಿಗೂ ಬಂದು, ಅಕಾಡಿಯನ್ನರು ದನವನ್ನೂ ಬೂಟಿನ ದಾರವನ್ನೂ ಅದೇ ಕ್ರಿಯಾಪದದಿಂದ ಕಟ್ಟುವುದು ಅವರ ಕಿವಿಗೆ ಬಿದ್ದಿತ್ತು.

ಇದರ ಜೊತೆಯಲ್ಲಿಯೇ, 1927ರಿಂದ ಆರಂಭಿಸಿ ಮಾಂಕ್ಟನ್ನಿನ ಅಕಾಡಿಯನ್ ಪತ್ರಿಕೆಯಲ್ಲಿ ತಮ್ಮ ಪದಕೋಶವನ್ನು ಕಂತುಕಂತಾಗಿ ಪ್ರಕಟಿಸತೊಡಗಿದರು. ಯಾರ ಮಾತನ್ನು ಕೋಶಕ್ಕೆ ಸೇರಿಸಿದ್ದರೋ ಅವರೇ ಅದರ ಓದುಗರಾದದ್ದು ನನಗೆ ಬಹು ದೊಡ್ಡ ಸಂಗತಿಯಾಗಿ ಕಾಣುತ್ತದೆ. 1933ರ ಸೆಪ್ಟೆಂಬರಿನಲ್ಲಿ ಒಟ್ಟಾವಾದಲ್ಲಿ ಅವರು ತೀರಿಕೊಂಡರು. ಪಿಯೆರ್ ಜೆರಾಂ ಅವರು ಸಂಪಾದಿಸಿದ ಪದಕೋಶದ ಶಾಸ್ತ್ರೀಯ ಆವೃತ್ತಿ ಹೊರಬಂದದ್ದು 1993ರಲ್ಲಿ, ಪ್ವಾರಿಯೆ ತೀರಿಕೊಂಡು ಅರವತ್ತು ವರ್ಷಗಳಾದ ಮೇಲೆ.

ಅವರ ಎಲ್ಲ ತೀರ್ಮಾನಗಳೂ ನಿಲ್ಲಲಿಲ್ಲ. ಅಕಾಡಿಯನ್ ಮಾತಿನ ತವರನ್ನು ಅವರು ಮುಖ್ಯವಾಗಿ ಫ್ರಾನ್ಸಿನ ತುರೇನ್, ಬೆರಿ ಸೀಮೆಗಳಲ್ಲಿ ಹುಡುಕಿದ್ದರು. ಊರೂರು ಸುತ್ತಿ ಅಕಾಡಿಯನ್ನರ ಮಾತನ್ನು ಅಧ್ಯಯನ ಮಾಡಿ 1962ರಲ್ಲಿ ಪ್ರಕಟಿಸಿದ ವಿದ್ವಾಂಸೆ ಜನ್ವಿಯೆವ್ ಮಾಸಿನ್ಯೋಂ ಅದನ್ನು ಫ್ರಾನ್ಸಿನದೇ ಆದ ಪ್ವಾತು ಪ್ರದೇಶದ ಕಡೆಗೆ ಸರಿಸಿದರು. ಆದರೂ ಆಡುಮಾತನ್ನು ರಾಬೆಲೆಯ ಪಕ್ಕದಲ್ಲಿಟ್ಟು ನೋಡಿದ ಪ್ವಾರಿಯೆ ಅವರ ದಾರಿ ಮುಂದುವರಿಯಿತು. ನ್ಯೂ ಬ್ರನ್ಸ್‌ವಿಕ್‌ನ ಬುಕ್ತೂಷ್‌ನಲ್ಲಿ ಹುಟ್ಟಿದ ಆಂತೊನಿನ್ ಮಾಯೆ ರಾಬೆಲೆಯನ್ನೂ ಅಕಾಡಿಯಾದ ಜನಪದ ಪರಂಪರೆಯನ್ನೂ ಜೊತೆಗಿಟ್ಟು ಡಾಕ್ಟರೇಟ್ ಪ್ರಬಂಧ ಬರೆದರು. ಆ ಆಡುಮಾತಿನಲ್ಲೇ ಪಾತ್ರಗಳನ್ನು ಮಾತನಾಡಿಸಿದರು. 1979ರಲ್ಲಿ, ಗಡೀಪಾರಾದ ಜನ ಬಂಡಿ ಕಟ್ಟಿಕೊಂಡು ಮನೆಗೆ ಮರಳುವ ಕಥೆಯ ಕಾದಂಬರಿಗೆ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿಯನ್ನು ಪಡೆದರು.

ನಮಸ್ಕಾರ.